ಹತ್ತನೆಯ ತರಗತಿಯ ತರುವಾಯ

ಎತ್ತು ಕೊಳ್ಳುವ ರೈತನು ಹಲ್ಲನ್ನು ಎಣಿಸಿ, ಸುಳಿಯನ್ನು ನೋಡಿ, ನಾಲ್ಕು ಹೆಜ್ಜೆ ನಡೆಸಿದ ಹೊರತು ಹಣದ ಗಂಟನ್ನು ಬಿಚ್ಚುವುದಿಲ್ಲ. ಮನೆ ಕಟ್ಟಿಸುವವನು ಬಾಗಿಲು ಯಾವ ದಿಕ್ಕಿಗೆ ಇರಬೇಕೆಂದು ಹತ್ತು ಜನರನ್ನು ವಿಚಾರಿಸುತ್ತಾನೆ. ಇಷ್ಟು ಮುಂದಾಲೋಚನೆಯುಳ್ಳ ನಮ್ಮ ಗೃಹಸ್ಥರೇ, ಎಸ್.ಎಸ್.ಎಲ್.ಸಿ. ಮುಗಿಸಿದ ಮಗನೋ ಮಗಳೋ ಮುಂದೆ ಯಾವ ವಿಷಯಗಳನ್ನು ಓದತಕ್ಕದ್ದೆಂಬುದನ್ನು ಮಾತ್ರ ಕಾಲೇಜಿನ ಕಿಟಕಿಯ ಮುಂದೆ ಅರ್ಜಿ ಹಿಡಿದು ನಿಂತ ಗಳಿಗೆಯಲ್ಲಿ ನಿಶ್ಚಯಿಸುವುದುಂಟು. ಅಂಕಗಳು ಹೆಚ್ಚು ಬಂದಿದ್ದರೆ ವಿಜ್ಞಾನ, ನಡುತರವಾಗಿದ್ದರೆ ವಾಣಿಜ್ಯ, ಕಡಮೆಯಾದರೆ ಕಲೆ ಎಂಬುದು ಬಹುಮಂದಿಯ ಲೆಕ್ಕ. ಈ ಲೆಕ್ಕದಲ್ಲಿ ಮಗುವಿನ ಒಲವಿಗೆ ಎಡೆಯಿಲ್ಲ; ಮುಂದಿನ ದಾರಿಯ ವಿಚಾರವೂ ಇಲ್ಲ.

ನಮ್ಮ ರಾಜ್ಯದಲ್ಲಿ ಪಿ.ಯು.ಸಿ. ಎಂಬುದು ಎರಡು ವರ್ಷದ ವ್ಯಾಸಂಗ. ವಿದ್ಯಾರ್ಥಿಯು ಎರಡು ಭಾಷೆಗಳನ್ನೂ ನಾಲ್ಕು ವಿಷಯಗಳನ್ನೂ ಓದತಕ್ಕದ್ದು. ಮುಂದಿನ ಹಲವು ಶಿಕ್ಷಣಗಳ ಬಾಗಿಲಿನ ಬೀಗದ ಕೈ ಈ ನಾಲ್ಕು ವಿಷಯಗಳಲ್ಲಿಯೇ ಅಡಗಿದೆ. ಇಂಜಿನಿಯರಿಂಗಿಗೆ ಭೌತಶಾಸ್ತ್ರ ಮತ್ತು ಗಣಿತಗಳು ಬೇಕೇ ಬೇಕು. ರಾಜ್ಯದ ಸಿ.ಇ.ಟಿ. ಪರೀಕ್ಷೆಯಲ್ಲಿ ಇವೆರಡರೊಡನೆ ರಸಾಯನಶಾಸ್ತ್ರವೂ ಸೇರಿ, ಆ ಪರೀಕ್ಷೆಯ ಅಂಕಗಳಿಗೂ ಪಿ.ಯು.ಸಿ.ಯ ಅಂಕಗಳಿಗೂ ಸಮಪಾಲು ಕೊಟ್ಟು ಸ್ಥಾನವನ್ನು ಗೊತ್ತುಮಾಡುತ್ತಾರೆ. ವೈದ್ಯಶಿಕ್ಷಣಕ್ಕೆ ಭೌತ, ರಸಾಯನ, ಜೀವಶಾಸ್ತ್ರಗಳನ್ನು ಓದಿ ನೀಟ್ ಪರೀಕ್ಷೆಯನ್ನು ಬರೆಯಬೇಕು. ಅದಕ್ಕೆ ಗಣಿತ ಬೇಕಿಲ್ಲ. ಕಾನೂನಿನ ಐದು ವರ್ಷದ ಪದವಿಗೂ, ಚಾರ್ಟರ್ಡ್ ಅಕೌಂಟೆಂಟ್ ಆಗುವವರು ಬರೆಯುವ ಮೊದಲ ಪರೀಕ್ಷೆಗೂ ಮೂರು ವಿಭಾಗದವರೂ ಅರ್ಹರು. ಐ.ಎ.ಎಸ್. ಮೊದಲಾದ ಆಡಳಿತ ಸೇವೆಗಳ ಪರೀಕ್ಷೆಗೆ ಯಾವ ವಿಷಯದ ಪದವಿಯಾದರೂ ಸಾಕು.

ಇದರಿಂದ ಒಂದು ಮಾತು ಸ್ಪಷ್ಟವಾಗುತ್ತದೆ. ವಿಜ್ಞಾನ ಓದಿದವನು ಮುಂದೆ ಬಿ.ಕಾಂ.ಗೋ ಬಿ.ಎ.ಗೋ ಕಾನೂನಿಗೋ ಹೊರಳಬಹುದು. ವಾಣಿಜ್ಯ ಅಥವಾ ಕಲೆ ಓದಿದವನು ಇಂಜಿನಿಯರಿಂಗಿಗಾಗಲಿ ವೈದ್ಯಕ್ಕಾಗಲಿ ಹೊರಳಲಾರನು. ಹಿಂದಿನ ಕಾಲದಲ್ಲಿ ಹೀಗಿರಲಿಲ್ಲ. ಸರ್ ಎಂ. ವಿಶ್ವೇಶ್ವರಯ್ಯನವರು ೧೮೮೧ರಲ್ಲಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಬಿ.ಎ. ಮುಗಿಸಿದ ಬಳಿಕವೇ ಪುಣೆಗೆ ಹೋಗಿ ಇಂಜಿನಿಯರಿಂಗ್ ಕಲಿತರು. ಈಗ ಭೌತಶಾಸ್ತ್ರವನ್ನೂ ಗಣಿತವನ್ನೂ ಬಿಟ್ಟು ಬಿ.ಎ. ಮಾಡಿದವನಿಗೆ ಆ ತಿರುವು ಇಲ್ಲ. ಆಗ ಇಪ್ಪತ್ತರ ಪ್ರಾಯದಲ್ಲಿ ಮಾಡಬಹುದಾಗಿದ್ದ ನಿಶ್ಚಯವನ್ನು ಇಂದು ಹದಿನಾರರಲ್ಲಿಯೇ ಮಾಡಬೇಕಾಗಿದೆ.

ಹಾಗಾದರೆ ಎಲ್ಲರೂ ವಿಜ್ಞಾನವನ್ನೇ ಹಿಡಿಯುವುದು ಕ್ಷೇಮವಲ್ಲವೇ ಎಂದು ಕೇಳಬಹುದು. ಎಷ್ಟೋ ಮಕ್ಕಳಿಗೆ ಕಷ್ಟವೊದಗುವುದು ಈ ವಾದದಿಂದಲೇ. ಬಾಗಿಲು ತೆರೆದಿದ್ದರೆ ಸಾಲದು, ಅಲ್ಲಿಯವರೆಗೆ ನಡೆಯುವ ಕಾಲೂ ಮನಸ್ಸೂ ಬೇಕು. ಗಣಿತವೆಂದರೆ ಬೆದರುವ ಹುಡುಗನನ್ನು ಎರಡು ವರ್ಷ ಅದರ ಮುಂದೆಯೇ ಕೂರಿಸಿದರೆ, ಅವನು ಗಣಿತವನ್ನೂ ಕಲಿಯನು, ತನಗೆ ಸಹಜವಾಗಿ ಒಲಿಯಬಹುದಾಗಿದ್ದ ಇತಿಹಾಸವನ್ನೋ ಲೆಕ್ಕಶಾಸ್ತ್ರವನ್ನೋ ಕಲಿಯನು. ಅನುತ್ತೀರ್ಣನಾದವನಿಗೆ ಮರುಪರೀಕ್ಷೆ ಉಂಟು. ಆದರೆ ತಾನು ಯಾವುದಕ್ಕೂ ಬಾರದವನೆಂದು ಒಮ್ಮೆ ನಂಬಿಬಿಟ್ಟ ಎಳೆಯ ಮನಸ್ಸಿಗೆ ಮತ್ತೆ ಧೈರ್ಯ ತುಂಬುವುದು ಸುಲಭವಲ್ಲ.

ಇಲ್ಲೊಂದು ಎಚ್ಚರಿಕೆ ಅವಶ್ಯ. ಕನ್ನಡ ಮಾಧ್ಯಮದಲ್ಲಿ ಓದಿದ ಮಗು ವಿಜ್ಞಾನಕ್ಕೆ ಸೇರಿದಾಗ ಪಾಠಗಳು ಬಹುಮಟ್ಟಿಗೆ ಇಂಗ್ಲಿಷಿನಲ್ಲಿ ನಡೆಯುವುದರಿಂದ ಮೊದಲ ಕೆಲವು ತಿಂಗಳು ಎಡವುವುದು ಸ್ವಾಭಾವಿಕ. ಎಡವಿದ್ದು ಭಾಷೆಯಲ್ಲಿಯೋ ವಿಷಯದಲ್ಲಿಯೋ ಎಂಬುದನ್ನು ಪರೀಕ್ಷಿಸದೆ ಮಗುವನ್ನು ದಡ್ಡನೆನ್ನಕೂಡದು. ಅದೇ ಲೆಕ್ಕವನ್ನು ಕನ್ನಡದಲ್ಲಿ ಕೇಳಿ ನೋಡಿರಿ. ಬಿಡಿಸಿದರೆ ಕೊರತೆ ಭಾಷೆಯದು, ಅದು ಅಭ್ಯಾಸದಿಂದ ತೀರುವಂಥದು. ನೀಟ್ ಪರೀಕ್ಷೆಯನ್ನು ೨೦೧೭ರಿಂದ ಕನ್ನಡದಲ್ಲಿಯೂ ಬರೆಯಬಹುದಾಗಿದೆ.

ಪಿ.ಯು.ಸಿ. ಒಂದೇ ದಾರಿಯೂ ಅಲ್ಲ. ಹತ್ತನೆಯ ತರಗತಿಯ ಬಳಿಕ ಪಾಲಿಟೆಕ್ನಿಕ್ ಸೇರಿ ಮೂರು ವರ್ಷದ ಡಿಪ್ಲೊಮಾ ಮುಗಿಸಿದವನು ಕೆಲಸಕ್ಕೂ ಹೋಗಬಹುದು. ಮತ್ತೊಂದು ಪ್ರವೇಶ ಪರೀಕ್ಷೆಯನ್ನು ಬರೆದು ಇಂಜಿನಿಯರಿಂಗಿನ ಎರಡನೆಯ ವರ್ಷಕ್ಕೆ ನೇರವಾಗಿಯೂ ಸೇರಬಹುದು. ಐ.ಟಿ.ಐ.ಯಲ್ಲಿ ಒಂದೆರಡು ವರ್ಷಗಳಲ್ಲಿ ಫಿಟ್ಟರ್, ಎಲೆಕ್ಟ್ರಿಷಿಯನ್ ಮುಂತಾದ ಕಸುಬುಗಳನ್ನು ಕಲಿಯಬಹುದು. ಕೈಕೆಲಸದಲ್ಲಿ ಚುರುಕಾಗಿ, ಪುಸ್ತಕದಲ್ಲಿ ಮಂದವಾಗಿ ಕಾಣುವ ಹುಡುಗನಿಗೂ, ಬೇಗನೆ ಸಂಪಾದನೆ ಬೇಕಾದ ಮನೆಗೂ ಇದು ಗೌರವದ ದಾರಿಯೇ ಸರಿ. ಇದನ್ನು ಸೋತವರ ದಾರಿಯೆಂದು ಹೀಗಳೆಯುವುದು ಸಲ್ಲದು.

ಹೆಣ್ಣುಮಕ್ಕಳ ವಿಷಯದಲ್ಲಿ ಇನ್ನೊಂದು ಸಂಗತಿ. ಅನೇಕ ಹಳ್ಳಿಗಳಲ್ಲಿ ಹುಡುಗಿಯು ಓದುವ ವಿಷಯವನ್ನು ಗೊತ್ತುಮಾಡುವುದು ಅವಳ ಬುದ್ಧಿಯಲ್ಲ, ಬಸ್ಸಿನ ವೇಳೆ. ಹತ್ತಿರದ ಕಾಲೇಜಿನಲ್ಲಿ ಕಲಾವಿಭಾಗ ಮಾತ್ರ ಇದ್ದರೆ, ಡಾಕ್ಟರಾಗಬಲ್ಲ ಹುಡುಗಿಯೂ ಅದನ್ನೇ ಓದಬೇಕಾಗುತ್ತದೆ. ಸಮಾಜ ಕಲ್ಯಾಣ ಇಲಾಖೆಯೂ ಹಿಂದುಳಿದ ವರ್ಗಗಳ ಕಲ್ಯಾಣ ಇಲಾಖೆಯೂ ಮೆಟ್ರಿಕ್ ನಂತರದ ಬಾಲಕಿಯರಿಗಾಗಿ ವಿದ್ಯಾರ್ಥಿನಿಲಯಗಳನ್ನು ನಡೆಸುತ್ತವೆ. ದೂರವೆಂದು ಕೈಬಿಡುವ ಮುನ್ನ ತಾಲ್ಲೂಕು ಕೇಂದ್ರಕ್ಕೆ ಹೋಗಿ ವಿಚಾರಿಸುವುದು ತಂದೆಯ ಕರ್ತವ್ಯ.

ಮನೆಯವರು ಮಾಡಬೇಕಾದ ಕೆಲಸ ಇಷ್ಟೆ. ಫಲಿತಾಂಶಕ್ಕೆ ಕಾಯದೆ, ಪರೀಕ್ಷೆ ಮುಗಿದ ರಜೆಯಲ್ಲಿಯೇ ಮಗುವನ್ನು ಹತ್ತಿರ ಕೂರಿಸಿಕೊಳ್ಳಿರಿ. ಯಾರೂ ಹೇಳದಿದ್ದರೂ ತಾನಾಗಿ ತೆರೆದ ಪುಸ್ತಕ ಯಾವುದು, ಅಂಕ ಬಂದರೂ ಬೇಸರ ತರಿಸಿದ ಪಾಠ ಯಾವುದು ಎಂದು ಕೇಳಿರಿ. ಪಾಠ ಹೇಳಿದ ಉಪಾಧ್ಯಾಯರನ್ನೂ ಕಾಣಿರಿ. ಮೂರು ವರ್ಷ ಮಗುವನ್ನು ಕಂಡವರ ಮಾತು ಒಂದು ದಿನದ ಪರೀಕ್ಷೆಗಿಂತ ತೂಕವುಳ್ಳದ್ದು. ಬಳಿಕ ಒಂದು ಕಾಗದದಲ್ಲಿ ಮಗು ಬಯಸುವ ಎರಡು ಮೂರು ಉದ್ಯೋಗಗಳನ್ನು ಬರೆದು, ಒಂದೊಂದಕ್ಕೂ ಬೇಕಾದ ವಿಷಯಗಳನ್ನೂ ತಗಲುವ ವರ್ಷಗಳನ್ನೂ ಖರ್ಚನ್ನೂ ಎದುರಿಗೆ ಗುರುತು ಮಾಡಿರಿ. ಯಾವ ಬಾಗಿಲು ಮುಚ್ಚಿದರೆ ಮಗುವಿಗೆ ನೋವಾಗುವುದೋ ಅದನ್ನು ಮುಚ್ಚಗೊಡಬೇಡಿರಿ. ಮುಚ್ಚಿದರೂ ಚಿಂತೆಯಿಲ್ಲದ ಬಾಗಿಲಿಗಾಗಿ ಎರಡು ವರ್ಷ ಸವೆಸಬೇಡಿರಿ. ಒಂದರಿಂದ ಹತ್ತನೆಯ ತರಗತಿಯವರೆಗೆ ಗ್ರಾಮಾಂತರದಲ್ಲಿಯೋ ಕನ್ನಡ ಮಾಧ್ಯಮದಲ್ಲಿಯೋ ಓದಿದವರಿಗೆ ವೃತ್ತಿಶಿಕ್ಷಣದಲ್ಲಿ ಮೀಸಲು ಸೀಟುಗಳಿರುವುದರಿಂದ, ಆ ವ್ಯಾಸಂಗ ಪತ್ರಗಳನ್ನು ಶಾಲೆಯಿಂದ ಈಗಲೇ ಪಡೆದು ಜೋಪಾನವಾಗಿಡಿರಿ.

ದಾರಿಗಳನ್ನೂ ಬಾಗಿಲುಗಳನ್ನೂ ತಿಳಿದು ಹೇಳುವುದು ಹಿರಿಯರ ಪಾಲಿನ ಕೆಲಸ; ನಡೆಯುವುದು ಮಗುವಿನದು. ನಿತ್ಯವೂ ಪುಸ್ತಕದ ಮುಂದೆ ಕೂರುವವರು ಯಾರೋ, ಕೊನೆಯ ಮಾತೂ ಅವರದೇ ಆಗಿರುವುದು ನ್ಯಾಯ.