ತಿಜೋರಿಯೊಳಗಿನ ಹಾವೇರಿ

ಸಿನಿಮಾ ಹೇಗಾದರೂ ಉಳಿದೀತು. ಹೋರಿ ಹಬ್ಬ, ದೊಡ್ಡಾಟ, ಸೋಬಾನೆ ಪದ ತುಂಬಿಕೊಂಡಿರುವ ನಮ್ಮೂರ ಸಿ.ಡಿ.ಗಳನ್ನು ಉಳಿಸುವವರು ಯಾರು?

ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಸೀಮೆಯ ಬಹಳಷ್ಟು ಮನೆಗಳ ತಿಜೋರಿಯಲ್ಲಿ ಹೊಲದ ಕಾಗದಪತ್ರ, ಇಳಕಲ್ ಸೀರೆಗಳ ಜೊತೆಗೆ ಒಂದೆರಡು ಸಿ.ಡಿ.ಗಳೂ ಇರುತ್ತವೆ. ಕವರಿನ ಮೇಲೆ ಮದುಮಕ್ಕಳ ಫೋಟೊ, ಅದರ ಕೆಳಗೆ ಸ್ಟುಡಿಯೊ ಹೆಸರು, ತಾರೀಖು. ಮಗಳ ಮದುವೆ, ಮೊಮ್ಮಗನ ಜಾವಳ, ಊರ ದ್ಯಾಮವ್ವನ ಜಾತ್ರೆ, ಕಾಕಾನ ಹೋರಿ ಓಡಿದ ವರ್ಷದ ಅಖಾಡ. ‘ಹಾಕ್ರಿ, ನೋಡೂಣು’ ಎಂದರೆ ‘ಸಿ.ಡಿ. ಐತ್ರಿ, ಮಷಿನ್ ಇಲ್ಲ’ ಎನ್ನುತ್ತಾರೆ. ಕೆಟ್ಟುಹೋದ ಪ್ಲೇಯರನ್ನು ಗುಜರಿಗೆ ಹಾಕಿದ ಮೇಲೆ ಹೊಸದನ್ನು ತಂದವರು ಕಡಿಮೆ. ಹೊಸ ಲ್ಯಾಪ್‌ಟಾಪುಗಳಲ್ಲೂ ಸಿ.ಡಿ. ಹಾಕುವ ಜಾಗ ಇಲ್ಲವಾಗಿದೆ.

ಜಗತ್ತಿನೆಲ್ಲೆಡೆ ಇದೇ ಕಥೆ. ಜಪಾನಿನ ಫುನಾಯ್ ಕಂಪನಿ 2016ರ ಜುಲೈನಲ್ಲಿ ವಿ.ಸಿ.ಆರ್. ತಯಾರಿಕೆ ನಿಲ್ಲಿಸಿತು. ಅಂಚೆಯಲ್ಲಿ ಡಿ.ವಿ.ಡಿ. ಬಾಡಿಗೆ ಕಳಿಸುತ್ತಲೇ ಬೆಳೆದ ಅಮೆರಿಕದ ನೆಟ್‌ಫ್ಲಿಕ್ಸ್, 2023ರ ಸೆಪ್ಟೆಂಬರ್ 29ಕ್ಕೆ ಆ ವ್ಯವಹಾರವನ್ನು ಮುಗಿಸಿತು. ಖಾಲಿ ಬ್ಲೂ-ರೇ ಡಿಸ್ಕುಗಳ ತಯಾರಿಕೆಯನ್ನು ಸೋನಿ 2025ರ ಫೆಬ್ರವರಿಯಲ್ಲಿ ಕೈಬಿಟ್ಟಿತು. ಡಿಸ್ಕ್ ಮೇಲೋ, ಸ್ಟ್ರೀಮಿಂಗ್ ಮೇಲೋ ಎಂಬ ಚರ್ಚೆ ಅಲ್ಲೆಲ್ಲ ಸಿನಿಮಾದ ಚಿತ್ರ ಮತ್ತು ಧ್ವನಿಯ ಗುಣಮಟ್ಟದ ಸುತ್ತ ನಡೆಯುತ್ತಿದೆ. ಹಾವೇರಿಯಲ್ಲಿ ನಿಂತು ನೋಡಿದರೆ ಅದಕ್ಕಿಂತ ದೊಡ್ಡದೊಂದು ಕಾಳಜಿ ಎದುರಾಗುತ್ತದೆ. ಬೇರೆಲ್ಲೂ ಪ್ರತಿ ಇಲ್ಲದ ದೃಶ್ಯಗಳು ಈ ಡಿಸ್ಕುಗಳಲ್ಲಿವೆ, ಅವನ್ನು ಓದುವ ಯಂತ್ರಗಳು ನಮ್ಮ ಕಣ್ಣೆದುರಿಗೇ ಇಲ್ಲವಾಗುತ್ತಿವೆ.

ಬಾಡಿಗೆ ವಿ.ಸಿ.ಪಿ.ಯಿಂದ ಮೊಬೈಲಿನವರೆಗೆ

1982ರ ದೆಹಲಿ ಏಷ್ಯನ್ ಕ್ರೀಡಾಕೂಟದ ಹೊತ್ತಿಗೆ ದೇಶಕ್ಕೆ ಬಣ್ಣದ ಟಿ.ವಿ. ಬಂತು, ಅದರ ಬೆನ್ನಿಗೇ ವಿಡಿಯೊ ಕ್ಯಾಸೆಟ್ಟೂ ಬಂತು. ನಮ್ಮ ಊರುಗಳಲ್ಲಿ ಅದನ್ನು ಕೊಂಡವರಿಗಿಂತ ಬಾಡಿಗೆಗೆ ತಂದವರೇ ಹೆಚ್ಚು. ಗಣೇಶನ ಹಬ್ಬಕ್ಕೆ ಓಣಿಯ ಹುಡುಗರು ಪಟ್ಟಿ ಎತ್ತಿ ಟಿ.ವಿ., ವಿ.ಸಿ.ಪಿ., ಮೂರು ಕ್ಯಾಸೆಟ್ ತಂದರೆ ಪೆಂಡಾಲಿನ ಮುಂದೆ ಚಾಪೆ ಹಾಸಿಕೊಂಡು ಇಡೀ ಓಣಿ ಬೆಳಗಿನ ತನಕ ಎಚ್ಚರಿರುತ್ತಿತ್ತು. ಮುಂದೆ ವಿ.ಸಿ.ಡಿ. ಬಂದಿತು. 1993ರಲ್ಲಿ ರೂಪುಗೊಂಡ ಈ ಮಾದರಿಯ ಒಂದು ಡಿಸ್ಕಿನಲ್ಲಿ 74 ನಿಮಿಷದ ಚಿತ್ರ ಹಿಡಿಯುತ್ತಿತ್ತು. ಹಾಗಾಗಿ ಎರಡೂವರೆ ತಾಸಿನ ಸಿನಿಮಾ ಎಂದರೆ ಎರಡೋ ಮೂರೋ ಡಿಸ್ಕು. ಚಿತ್ರದ ಚುಕ್ಕಿಗಳು 352ಕ್ಕೆ 288, ಡಿ.ವಿ.ಡಿ.ಯ ಕಾಲುಭಾಗ ಮಾತ್ರ. ಆದರೂ ಅಗ್ಗದ ಪ್ಲೇಯರು, ಅಗ್ಗದ ಡಿಸ್ಕು ಸೇರಿ ಅದನ್ನು ಹಳ್ಳಿಹಳ್ಳಿಗೂ ಮುಟ್ಟಿಸಿದವು. ಮೋಸರ್ ಬೇರ್ ಕಂಪನಿ ವಿ.ಸಿ.ಡಿ.ಯನ್ನು 28 ರೂಪಾಯಿಗೆ, ಡಿ.ವಿ.ಡಿ.ಯನ್ನು 34 ರೂಪಾಯಿಗೆ ಮಾರತೊಡಗಿದಾಗ ಸಿನಿಮಾ ಕೊಂಡು ಮನೆಯಲ್ಲಿಟ್ಟುಕೊಳ್ಳುವುದು ಕೂಲಿ ಮಾಡುವವರಿಗೂ ಸಾಧ್ಯವಾಯಿತು. ಅದೇ ಕಂಪನಿ ಸಾಲದಲ್ಲಿ ಮುಳುಗಿ 2018ರಲ್ಲಿ ಮುಚ್ಚುವ ಹಂತಕ್ಕೆ ಹೋಯಿತು.

ಡಿಸ್ಕಿಗೂ ಸ್ಟ್ರೀಮಿಂಗಿಗೂ ನಡುವೆ ನಮ್ಮಲ್ಲಿ ಇನ್ನೊಂದು ಕಾಲವಿತ್ತು. ಮೊಬೈಲ್ ಅಂಗಡಿಯವರು ಹತ್ತಿಪ್ಪತ್ತು ರೂಪಾಯಿಗೆ ಮೆಮೊರಿ ಕಾರ್ಡ್ ತುಂಬ ಹಾಡು, ಸಿನಿಮಾ, ಕಾಮಿಡಿ ಹಾಕಿಕೊಡುತ್ತಿದ್ದ ಕಾಲ ಅದು. 2016ರ ಸೆಪ್ಟೆಂಬರಿನಲ್ಲಿ ಜಿಯೊ ಬಂದ ಮೇಲೆ ಆ ಅಂಗಡಿಗಳ ಕಂಪ್ಯೂಟರುಗಳಿಗೂ ಕೆಲಸ ಇಲ್ಲವಾಯಿತು. ಈಗ ಮೆಣಸಿನಕಾಯಿ ಚೀಲ ಇಳಿಸಿ ದಣಿವಾರಿಸಿಕೊಳ್ಳುವ ಹಮಾಲರ ಅಂಗೈಯಲ್ಲಿ ಯೂಟ್ಯೂಬ್ ಇದೆ.

ಇದರಿಂದ ಆದ ಒಳಿತನ್ನು ಮುಚ್ಚಿಡಬೇಕಿಲ್ಲ. ಒಂದು ಕಾಲಕ್ಕೆ ಕಂಪನಿ ನಾಟಕದ ಹಾಸ್ಯ ಕೇಳಲು ಜಾತ್ರೆ ಬರಬೇಕಿತ್ತು. ಇವತ್ತು ಉತ್ತರ ಕರ್ನಾಟಕದ ಹುಡುಗರು ತಮ್ಮದೇ ಮಾತಿನಲ್ಲಿ, ತಮ್ಮದೇ ಹೊಲಮನೆಗಳಲ್ಲಿ ಚಿತ್ರಿಸಿದ ಹಾಸ್ಯವನ್ನು ನಾಡಿಗೆ ನಾಡೇ ನೋಡುತ್ತಿದೆ. ದೇವರಗುಡ್ಡದ ಕಾರಣಿಕ ಎಂಬ ದೈವವಾಣಿಯನ್ನು ಮುಂಬೈಗೋ ಗೋವಾಕ್ಕೋ ದುಡಿಯಲು ಹೋದವರು ಅದೇ ದಿನ ನೋಡುತ್ತಾರೆ. ತಲುಪಿಸುವ ಕೆಲಸದಲ್ಲಿ ಇಂಟರ್ನೆಟ್ಟಿಗೆ ಸಾಟಿ ಇಲ್ಲ. ತೊಡಕಿರುವುದು ಇಟ್ಟುಕೊಳ್ಳುವುದರಲ್ಲಿ.

ದುಡ್ಡು ಕೊಟ್ಟರೂ ನಮ್ಮದಲ್ಲ

ಸ್ಟ್ರೀಮಿಂಗಿನಲ್ಲಿ ನಾವು ಕೊಡುವ ಹಣ ನೋಡುವ ಪರವಾನಗಿಗೆ ಮಾತ್ರ. ಹಕ್ಕಿನ ಅವಧಿ ಮುಗಿದ ದಿನ ಚಿತ್ರ ಅಲ್ಲಿಂದ ಮಾಯವಾಗುತ್ತದೆ, ನಮ್ಮನ್ನು ಯಾರೂ ಕೇಳುವುದಿಲ್ಲ. ಡಿಜಿಟಲ್ ಪ್ರತಿಯನ್ನು ‘ಖರೀದಿ’ ಎಂದು ಮಾರುವವರು ಅದು ಬರೀ ಪರವಾನಗಿ ಎಂದು ಗ್ರಾಹಕರಿಗೆ ಸ್ಪಷ್ಟವಾಗಿ ತಿಳಿಸಬೇಕೆಂಬ ಕಾನೂನು ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 2025ರ ಜನವರಿ 1ರಿಂದ ಜಾರಿಯಲ್ಲಿದೆ. ಪಶ್ಚಿಮದ ಸಿನಿಮಾಪ್ರಿಯರಲ್ಲಿ ಒಂದು ಗುಂಪು ಮತ್ತೆ ಡಿಸ್ಕಿನ ಕಡೆ ತಿರುಗಿರುವುದೂ ಇದಕ್ಕಾಗಿಯೇ. ‘ಓಪನ್‌ಹೈಮರ್’ ಚಿತ್ರದ 4ಕೆ ಡಿಸ್ಕು 2023ರ ನವೆಂಬರಿನಲ್ಲಿ ಬಂದಾಗ ಅಲ್ಲಿನ ಹಲವು ಅಂಗಡಿಗಳಲ್ಲಿ ದಾಸ್ತಾನು ಬರಿದಾಗಿತ್ತು. ಕನ್ನಡದ ಪ್ರೇಕ್ಷಕನಿಗೆ ಆ ದಾರಿಯೂ ಇಲ್ಲ. ಹೊಸ ಕನ್ನಡ ಸಿನಿಮಾದ ಡಿಸ್ಕು ಹುಡುಕಿಕೊಂಡು ಹೋದರೆ ಅಂಗಡಿ ಸಿಗುವುದು ಕಷ್ಟ. ದೊಡ್ಡ ವೇದಿಕೆಗಳಲ್ಲಿ ಕನ್ನಡಕ್ಕೆ ಸಿಗುವ ಜಾಗವೂ ಕಿರಿದು. ಕೊಳ್ಳುವ ವೇದಿಕೆ ಸಿಗದೆ ‘ಏಕಂ’ ಸರಣಿಯನ್ನು ಅದರ ತಯಾರಕರು 2024ರ ಜುಲೈನಲ್ಲಿ ತಮ್ಮದೇ ಜಾಲತಾಣದಲ್ಲಿ ಬಿಡುಗಡೆ ಮಾಡಬೇಕಾಯಿತು.

ಆದರೂ ಚಲನಚಿತ್ರಕ್ಕೆ ಎಲ್ಲೋ ಒಬ್ಬ ವಾರಸುದಾರ ಇದ್ದಾನೆ. ಹಾವೇರಿಯ ಮಣ್ಣಿಗೆ ಸೇರಿದವರ ಮೇಲೆ ಬಂದ ಸಿನಿಮಾಗಳನ್ನೇ ನೋಡಿ. ಬಾಡದ ಕನಕದಾಸರ ಮೇಲೆ 1960ರಲ್ಲಿ ರಾಜಕುಮಾರ್ ನಟಿಸಿದ ‘ಭಕ್ತ ಕನಕದಾಸ’ ಬಂತು. ಶಿಶುನಾಳದ ಶರೀಫಜ್ಜನ ಮೇಲೆ ಟಿ.ಎಸ್. ನಾಗಾಭರಣ 1990ರಲ್ಲಿ ಮಾಡಿದ ಚಿತ್ರ ರಾಷ್ಟ್ರೀಯ ಭಾವೈಕ್ಯದ ನರ್ಗಿಸ್ ದತ್ ಪ್ರಶಸ್ತಿ ಪಡೆಯಿತು. ಹಾನಗಲ್ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ ಹುಟ್ಟಿದ ಪಂಚಾಕ್ಷರಿ ಗವಾಯಿಗಳ ಮೇಲಿನ 1995ರ ಚಿತ್ರ, ಸಂಗೀತಕ್ಕೆ ಹಂಸಲೇಖರಿಗೂ ಗಾಯನಕ್ಕೆ ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರಿಗೂ ರಾಷ್ಟ್ರಪ್ರಶಸ್ತಿ ತಂದಿತು. ಇಂಥವಕ್ಕೆ ಹಕ್ಕುದಾರರಿದ್ದಾರೆ, ನೋಡುಗರಿದ್ದಾರೆ, ಇವನ್ನು ಹುಡುಕುವವರೂ ಇದ್ದಾರೆ.

ವಾರಸುದಾರರಿದ್ದೂ ಕಳೆದುಕೊಂಡದ್ದು ನಮ್ಮಲ್ಲಿ ಬೇಕಾದಷ್ಟಿದೆ. 1934ರ ‘ಸತಿ ಸುಲೋಚನ’ ಕನ್ನಡದ ಮೊದಲ ವಾಕ್ಚಿತ್ರ. ಅದರ ಒಂದು ಪ್ರತಿಯೂ ಇವತ್ತು ಉಳಿದಿಲ್ಲ. ಗಿರೀಶ ಕಾಸರವಳ್ಳಿಯವರ 1977ರ ‘ಘಟಶ್ರಾದ್ಧ’ ಮಾತ್ರ ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯದಲ್ಲಿ ಮೂಲ ನೆಗೆಟಿವ್ ಉಳಿದದ್ದರಿಂದ ಹೊಸ ರೂಪ ಪಡೆದು 2024ರಲ್ಲಿ ವೆನಿಸ್ ಚಿತ್ರೋತ್ಸವದ ತೆರೆಯ ಮೇಲೆ ಮೂಡಿತು. ಎತ್ತಿಟ್ಟವರು ಇದ್ದರು, ಆದ್ದರಿಂದ ಒಂದು ಉಳಿಯಿತು. ಇನ್ನೊಂದಕ್ಕೆ ಅಂಥವರು ಇರಲಿಲ್ಲ.

ನಮ್ಮ ಡಿಸ್ಕುಗಳಲ್ಲಿ ಏನಿದೆ?

ದೀಪಾವಳಿಯ ಬಲಿಪಾಡ್ಯಮಿಯಿಂದ ಈ ಸೀಮೆಯಲ್ಲಿ ಹೋರಿ ಬೆದರಿಸುವ ಹಬ್ಬ ಶುರುವಾಗುತ್ತದೆ. ಕೊರಳಿಗೆ ಕೊಬ್ಬರಿ ಹಾರ, ಮೈಮೇಲೆ ಜೂಲ, ಕೋಡಿಗೆ ಬಲೂನು, ರಿಬ್ಬನ್ನು ಕಟ್ಟಿಸಿಕೊಂಡ ಹೋರಿ ಅಖಾಡದಲ್ಲಿ ನುಗ್ಗಿದರೆ ಕೊಬ್ಬರಿ ಹರಿಯಲು ಹುಡುಗರು ಮುಗಿಬೀಳುತ್ತಾರೆ. ಹೆಸರು ಮಾಡಿದ ಹೋರಿ ಸತ್ತರೆ ಊರೇ ಸೇರಿ ಮಣ್ಣು ಮಾಡುತ್ತದೆ. ಆ ಹೋರಿ ಹೇಗೆ ಓಡುತ್ತಿತ್ತು, ಯಾರ ಕೈಗೂ ಕೊಬ್ಬರಿ ಕೊಡದೆ ಹೇಗೆ ಅಖಾಡ ದಾಟಿತು ಎಂಬುದಕ್ಕೆ ಸ್ಥಳೀಯ ಸ್ಟುಡಿಯೊದವರು ತೆಗೆದ ವಿಡಿಯೊ ಬಿಟ್ಟರೆ ಬೇರೆ ಸಾಕ್ಷಿಯಿಲ್ಲ. ಹಬ್ಬ ಹೇಗೆ ಬದಲಾಯಿತು, ಅಲಂಕಾರ ಎಂದಿನಿಂದ ಇಷ್ಟು ಜೋರಾಯಿತು, ಅಪಾಯ ಎಲ್ಲಿ ಹೆಚ್ಚಿತು ಎಂದು ಮುಂದೆ ಯಾರಾದರೂ ಕೇಳಿದರೆ ಉತ್ತರ ಕೊಡಬೇಕಾದದ್ದೂ ಅವೇ ವಿಡಿಯೊಗಳು.

ದೊಡ್ಡಾಟದ್ದು ಇನ್ನೂ ನಾಜೂಕಾದ ಸ್ಥಿತಿ. ತಿಂಗಳುಗಟ್ಟಲೆ ತಾಲೀಮು ಮಾಡಿ, ಕಿರೀಟ, ಭುಜಕೀರ್ತಿ ಕಟ್ಟಿಕೊಂಡು ರಾತ್ರಿಯಿಡೀ ಕುಣಿಯುವ ಆಟ ಅದು. ಇಡೀ ರಾತ್ರಿಯ ಆಟವನ್ನು ವಿ.ಸಿ.ಡಿ.ಗೆ ಇಳಿಸಲು ಆರೇಳು ಡಿಸ್ಕು ಬೇಕಾಗುತ್ತಿತ್ತು, ಆದರೂ ಊರವರು ಇಳಿಸಿಕೊಂಡರು. ಕಲಿಸಿದ ಮಾಸ್ತರರು, ಪಾತ್ರ ಕಟ್ಟಿದ ಹಿರಿಯರು ಒಬ್ಬೊಬ್ಬರಾಗಿ ಹೋಗುತ್ತಿದ್ದಾರೆ. ಅವರ ಕುಣಿತದ ಗತ್ತು, ಪದ ಎತ್ತುವ ಧಾಟಿಯನ್ನು ಬರಹದಲ್ಲಿ ಹಿಡಿಯಲಾಗದು.

ದೇವರಗುಡ್ಡದಲ್ಲಿ ನವರಾತ್ರಿಯ ಹೊತ್ತಿಗೆ ಬಿಲ್ಲನ್ನೇರಿದ ಗೊರವಯ್ಯ ನುಡಿಯುವ ಒಂದೇ ಒಂದು ಸಾಲು ವರ್ಷವಿಡೀ ರೈತರ ಮಾತಿನಲ್ಲಿ ಸುಳಿದಾಡುತ್ತದೆ. ಮಳೆ, ಬೆಳೆ, ರಾಜಕೀಯಕ್ಕೆಲ್ಲ ಅದನ್ನು ಹೊಂದಿಸಿ ಅರ್ಥ ಹೇಳುತ್ತಾರೆ. ವರ್ಷವರ್ಷದ ಕಾರಣಿಕದ ವಿಡಿಯೊಗಳನ್ನು ಸಾಲಾಗಿ ಜೋಡಿಸಿಟ್ಟರೆ ಈ ನೆಲದ ಆಸೆ, ಆತಂಕಗಳ ದಿನಚರಿಯೇ ಆದೀತು.

ಮದುವೆಯ ಕ್ಯಾಸೆಟ್ಟನ್ನು ಮನೆಮಂದಿಯ ನೆನಪಷ್ಟೇ ಎಂದು ಹಗುರಾಗಿ ನೋಡಬಾರದು. ಅರಿಷಿಣ ಹಚ್ಚುವಾಗ, ಸುರಗಿ ನೀರು ಹಾಕುವಾಗ ಅಜ್ಜಿಯರು ಹಾಡಿದ ಸೋಬಾನೆ ಪದಗಳು ಅದರ ಹಿನ್ನೆಲೆಯಲ್ಲಿ ಕೇಳುತ್ತವೆ. ಮಿಕ್ಸಿಂಗ್ ಮಾಡುವಾಗ ಸ್ಟುಡಿಯೊದವರು ಅದರ ಮೇಲೆ ಸಿನಿಮಾ ಹಾಡು ಕೂರಿಸಿ ಕೊಟ್ಟದ್ದುಂಟು. ಎಡಿಟ್ ಆಗದ ಮೂಲ ಟೇಪು ಎಲ್ಲಾದರೂ ಉಳಿದಿದ್ದರೆ ಅದರಲ್ಲಿ ಅಜ್ಜಿಯ ದನಿ ಹಾಗೆಯೇ ಇರುತ್ತದೆ. ಸ್ಟುಡಿಯೊ ಇಟ್ಟುಕೊಂಡಿರುವ ಎಷ್ಟೋ ಮಂದಿಯ ಅಟ್ಟದ ಮೇಲೆ ಇಂಥ ಟೇಪುಗಳು ಕೂತಿರಬಹುದು. ಅಂಗಡಿ ಖಾಲಿ ಮಾಡುವ ಮೊದಲು, ಗುಜರಿಯವರನ್ನು ಕರೆಯುವ ಮೊದಲು ಒಮ್ಮೆ ಯೋಚಿಸಿ ಎಂದು ಅವರನ್ನು ಕೈಮುಗಿದು ಕೇಳಿಕೊಳ್ಳುತ್ತೇನೆ.

ಯೂಟ್ಯೂಬಿಗೆ ಹಾಕಿದರೆ ಸಾಲದೇ?

ಸಾಲದು. ಅಲ್ಲಿ ವಿಡಿಯೊ ಹಿಂಡಿಕೊಂಡು ಸಣ್ಣದಾಗುತ್ತದೆ. ಹೋರಿಯ ಓಟಕ್ಕೆ ಸಿನಿಮಾ ಹಾಡು ಸೇರಿಸಿ ಹಾಕಿದರೆ ಕಾಪಿರೈಟ್ ದೂರು ಬಂದು ಸ್ಟ್ರೈಕ್ ಬೀಳಬಹುದು. 90 ದಿನದೊಳಗೆ ಅಂಥ ಮೂರು ಸ್ಟ್ರೈಕ್ ಬಿದ್ದರೆ ಇಡೀ ಚಾನೆಲ್ಲೇ ಹೋಗಬಹುದು, ಜೊತೆಗೆ ಅದರಲ್ಲಿದ್ದ ಎಲ್ಲ ವರ್ಷಗಳ ಹಬ್ಬವೂ. ಯೂಟ್ಯೂಬಿಗೆ ಹಾಕುವುದು ಹತ್ತು ಜನಕ್ಕೆ ತೋರಿಸಲು. ಉಳಿಸಿಕೊಳ್ಳಲು ಮೂಲ ಪ್ರತಿ ನಮ್ಮ ಕೈಯಲ್ಲೇ ಇರಬೇಕು.

ಕಾಯುವಷ್ಟು ಸಮಯವೂ ಇಲ್ಲ. ಸ್ಟುಡಿಯೊದಲ್ಲಿ ಬರೆದುಕೊಟ್ಟ ಸಿ.ಡಿ., ಡಿ.ವಿ.ಡಿ.ಗಳಲ್ಲಿ ದೃಶ್ಯವನ್ನು ಹಿಡಿದಿಟ್ಟಿರುವುದು ಬಣ್ಣದ ಒಂದು ತೆಳು ಪದರ. ಬಿಸಿಲು, ಶಾಖ, ತೇವಕ್ಕೆ ಅದು ಮಾಸುತ್ತದೆ. ಟೇಪಿಗೆ ಮಳೆಗಾಲದಲ್ಲಿ ಬೂಸ್ಟು ಹಿಡಿಯುತ್ತದೆ. ಬ್ಯಾಡಗಿ ಮೆಣಸಿನಕಾಯಿಯ ಬಣ್ಣ ಕೆಡದಿರಲೆಂದು ಊರ ಸುತ್ತ ಕೋಲ್ಡ್ ಸ್ಟೋರೇಜ್ ಕಟ್ಟಿ ತಂಪಿನಲ್ಲಿ, ಕತ್ತಲಲ್ಲಿ ಕಾಪಾಡುವ ನಾಡಿಗೆ ಈ ಜಾಗ್ರತೆಯನ್ನು ಹೊಸದಾಗಿ ಕಲಿಸಬೇಕಿಲ್ಲ.

ಮಾಡಬೇಕಾದ ಕೆಲಸ ಕಠಿಣವೂ ಅಲ್ಲ. ಯು.ಎಸ್.ಬಿ.ಗೆ ಹಚ್ಚುವ ಡಿ.ವಿ.ಡಿ. ಡ್ರೈವ್ ಇನ್ನೂ ಸಿಗುತ್ತದೆ. ಡಿಸ್ಕಿನಲ್ಲಿರುವ ಫೋಲ್ಡರುಗಳನ್ನು ಸಣ್ಣದು ಮಾಡದೆ, ಇದ್ದಂತೆಯೇ ನಕಲು ಮಾಡಿಕೊಳ್ಳಬೇಕು. ಒಂದು ಡಿ.ವಿ.ಡಿ. ಸಾಮಾನ್ಯವಾಗಿ 4.7 ಜಿ.ಬಿ.ಯೊಳಗಿರುತ್ತದೆ. 1 ಟಿ.ಬಿ.ಯ ಒಂದು ಹಾರ್ಡ್ ಡಿಸ್ಕಿನಲ್ಲಿ ಇಂಥ 200 ಡಿಸ್ಕುಗಳು ಕೂರುತ್ತವೆ, ಎಂದರೆ ಒಂದು ಊರಿನ ಬಹುಪಾಲು ಮುಗಿಯಿತು. ಎರಡು ಪ್ರತಿ ಮಾಡಿ ಒಂದನ್ನು ಬೇರೆ ಮನೆಯಲ್ಲಿಡಬೇಕು. ಎಲ್ಲಕ್ಕಿಂತ ಮುಖ್ಯವಾದದ್ದು ಹೆಸರು: ಯಾವ ಊರು, ಯಾವ ವರ್ಷ, ಕುಣಿದವರು ಯಾರು, ಹಾಡಿದ ಅಜ್ಜಿ ಯಾರು. ಇದನ್ನು ಹೇಳಬಲ್ಲ ಹಿರಿಯರು ನಮ್ಮ ನಡುವೆ ಇರುವಾಗಲೇ ಅವರನ್ನು ಪಕ್ಕಕ್ಕೆ ಕೂರಿಸಿಕೊಂಡು ಬರೆದಿಡಬೇಕು.

ಗೊಟಗೋಡಿ ದೂರವಿಲ್ಲ

ಮನೆಮನೆಯ ಪ್ರಯತ್ನ ಒಂದು ಸಂಸ್ಥೆಯ ಆಸರೆಯಿಲ್ಲದೆ ಬಹುಕಾಲ ನಿಲ್ಲದು. ಆ ಸಂಸ್ಥೆ ನಮ್ಮ ಜಿಲ್ಲೆಯಲ್ಲೇ ಇದೆ. ಶಿಗ್ಗಾವಿ ತಾಲ್ಲೂಕಿನ ಗೊಟಗೋಡಿಯಲ್ಲಿ 2011ರಿಂದ ಕರ್ನಾಟಕ ಜಾನಪದ ವಿಶ್ವವಿದ್ಯಾಲಯವಿದೆ. ಬಾಗಲಕೋಟೆಯಲ್ಲಿ ಬಯಲಾಟ ಅಕಾಡೆಮಿಯಿದೆ. ಕನ್ನಡ ಚಲನಚಿತ್ರಗಳ ಭಂಡಾರವನ್ನು ಡಿಜಿಟಲ್ ಹಾಗೂ ಇತರ ರೂಪಗಳಲ್ಲಿ ಸಿದ್ಧಪಡಿಸಲು 3 ಕೋಟಿ ರೂಪಾಯಿ, ಕನ್ನಡ ಸಿನಿಮಾಗಳಿಗಾಗಿ ಸರ್ಕಾರದ್ದೇ ಒ.ಟಿ.ಟಿ. ವೇದಿಕೆ ಎಂದು ರಾಜ್ಯ ಸರ್ಕಾರ 2025ರ ಮಾರ್ಚಿನ ಬಜೆಟ್‌ನಲ್ಲಿ ಘೋಷಿಸಿತು. ಒಳ್ಳೆಯ ಹೆಜ್ಜೆ. ಆ ಭಂಡಾರದ ಬಾಗಿಲು ಚಿತ್ರಮಂದಿರಕ್ಕೆ ಎಂದೂ ಬಾರದ ವಿಡಿಯೊಗಳಿಗೂ ತೆರೆಯಬೇಕು. ಹಳ್ಳಿಯ ಸ್ಟುಡಿಯೊದ ಟೇಪು, ಜಾತ್ರೆಯಲ್ಲಿ ಮಾರಿದ ಭಜನಾ ಪದಗಳ ವಿ.ಸಿ.ಡಿ., ಹೋರಿ ಅಭಿಮಾನಿಗಳು ಹಂಚಿಕೊಂಡ ಡಿ.ವಿ.ಡಿ. ಇವೂ ಕನ್ನಡದ ದೃಶ್ಯಚರಿತ್ರೆಯೇ.

ಇದಕ್ಕೆ ದೊಡ್ಡ ಕಟ್ಟಡ ಬೇಕಿಲ್ಲ. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಯ ಗ್ರಂಥಾಲಯಗಳಲ್ಲಿ ಒಂದೊಂದು ಕಂಪ್ಯೂಟರು, ಡಿಸ್ಕ್ ಡ್ರೈವು, ಸುಸ್ಥಿತಿಯಲ್ಲಿರುವ ಒಂದು ವಿ.ಸಿ.ಪಿ. ಇಟ್ಟು, ಜನರು ತಂದ ಡಿಸ್ಕು, ಟೇಪುಗಳನ್ನು ನಕಲು ಮಾಡಿ ಮೂಲವನ್ನು ಅವರಿಗೇ ಮರಳಿಸಿದರೆ ಸಾಕು. ಒಂದು ಪ್ರತಿ ಗೊಟಗೋಡಿಗೆ ಹೋಗಲಿ. ಮದುವೆಯ ವಿಡಿಯೊದಲ್ಲಿ ಮನೆಯವರ ಖಾಸಗಿ ಬದುಕೂ ಇರುವುದರಿಂದ ಯಾವ ಭಾಗವನ್ನು ಹೊರಗಿನವರು ನೋಡಬಹುದು ಎಂಬುದನ್ನು ಅವರೇ ಹೇಳಲಿ. ದೊಡ್ಡಾಟದ ಮೇಳದವರ, ಭಜನಾ ತಂಡದವರ ಒಪ್ಪಿಗೆ ಪಡೆದು, ಅವರ ಹೆಸರು ನಮೂದಿಸಿಯೇ ಇಡಲಿ. ನಮ್ಮ ಕಾಲೇಜುಗಳ ವಿದ್ಯಾರ್ಥಿಗಳಿಗೆ ಇದನ್ನು ಪ್ರಾಜೆಕ್ಟ್ ಆಗಿ ಕೊಟ್ಟರೆ ಒಂದು ಬೇಸಿಗೆ ರಜೆಯಲ್ಲಿ ಎಷ್ಟೋ ಊರುಗಳ ಕೆಲಸ ಮುಗಿದೀತು.

ಡಿಸ್ಕು ಮತ್ತೆ ಮಾರುಕಟ್ಟೆಯನ್ನು ಆಳುತ್ತದೆ ಎಂದು ನಾನು ನಂಬಿಲ್ಲ, ಅದರ ಅಗತ್ಯವೂ ಇಲ್ಲ. ನೋಡಲು ಮೊಬೈಲು, ಸ್ಟ್ರೀಮಿಂಗ್ ಇರಲಿ. ಆದರೆ ಯಾವುದು ಉಳಿಯಬೇಕು ಎಂಬ ತೀರ್ಮಾನವನ್ನು ದೂರದ ಕಂಪನಿಗಳ ಲೆಕ್ಕಾಚಾರಕ್ಕೆ ಬಿಟ್ಟರೆ ಹಾವೇರಿಯ ಹೋರಿ, ಹಾನಗಲ್ಲಿನ ಆಟ, ನಮ್ಮಜ್ಜಿಯ ಪದ ಆ ಲೆಕ್ಕಕ್ಕೆ ಬರುವುದೇ ಇಲ್ಲ. ಅದನ್ನು ತೀರ್ಮಾನಿಸಬೇಕಾದವರು ನಾವು. ಈ ಭಾನುವಾರವೇ ತಿಜೋರಿ ತೆಗೆಯಿರಿ, ಕವರಿನ ಮೇಲೆ ಊರು, ವರ್ಷ, ಹೆಸರು ಬರೆಯಿರಿ, ಡ್ರೈವ್ ಇರುವ ಒಬ್ಬರನ್ನು ಹುಡುಕಿ ಪ್ರತಿ ಮಾಡಿಸಿರಿ. ಗ್ರಂಥಾಲಯವೂ ವಿಶ್ವವಿದ್ಯಾಲಯವೂ ಮುಂದೆ ಬರಲೆಂದು ಒತ್ತಾಯಿಸೋಣ, ಅವರು ಬರುವ ತನಕ ಕೈಕಟ್ಟಿ ಕೂರುವುದು ಬೇಡ.