ಕುಸನೂರಿನ ಗಿಡ, ಕಾಸೆಲ್‌ನ ಕಲ್ಲು

1987ರ ನವೆಂಬರ್ 14. ಆಗಿನ ಧಾರವಾಡ ಜಿಲ್ಲೆಯ, ಈಗ ಹಾವೇರಿಗೆ ಸೇರಿದ ಹಾನಗಲ್ ತಾಲ್ಲೂಕಿನ ಕುಸನೂರಿನಲ್ಲಿ ಜನ ನೆಡುತೋಪಿಗೆ ನುಗ್ಗಿ ನೀಲಗಿರಿ ಸಸಿಗಳನ್ನು ಕಿತ್ತರು. ಬರೀ ಕಿತ್ತು ಬರಲಿಲ್ಲ. ತಮಗೂ ದನಕರುಗಳಿಗೂ ಬೇಕಾದ ಗಿಡಗಳನ್ನು ಅಲ್ಲೇ ಹಚ್ಚಿ ಬಂದರು. ಈ ‘ಕಿತ್ತಿಕೋ-ಹಚ್ಚಿಕೋ’ ಸತ್ಯಾಗ್ರಹವನ್ನು ರೂಪಿಸಿದ್ದು ಎಸ್.ಆರ್. ಹಿರೇಮಠ ಮತ್ತು ಸಂಗಡಿಗರು 1984ರಲ್ಲಿ ಕಟ್ಟಿದ, ಧಾರವಾಡದ ಸಮಾಜ ಪರಿವರ್ತನ ಸಮುದಾಯ.

ಹರಿಹರ ಪಾಲಿಫೈಬರ್ಸ್ ಕಾರ್ಖಾನೆಗೆ ಮರ ಒದಗಿಸಲೆಂದು ಸರ್ಕಾರವೂ ಕಾರ್ಖಾನೆಯೂ ಪಾಲುಗೂಡಿ ಕರ್ನಾಟಕ ಪಲ್ಪ್‌ವುಡ್ ಕಂಪನಿ ತೆರೆದಿದ್ದವು. ಅದಕ್ಕೆ ಗೊತ್ತುಮಾಡಿದ್ದು ಹಳ್ಳಿಗರು ಮೇವು, ಉರುವಲಿಗೆ ನಂಬಿದ್ದ ಸುಮಾರು 30,000 ಹೆಕ್ಟೇರ್ ಭೂಮಿ. ಆಡು ಮುಟ್ಟದ ಸೊಪ್ಪಿಲ್ಲ ಎನ್ನುವ ಗಾದೆಯನ್ನು ಸುಳ್ಳು ಮಾಡುವ ಗಿಡ ನೀಲಗಿರಿ! 1986ರ ಡಿಸೆಂಬರ್‌ನಲ್ಲಿ ಶಿವರಾಮ ಕಾರಂತರೂ ಸಮುದಾಯವೂ ಸೇರಿ ಸುಪ್ರೀಂ ಕೋರ್ಟ್ ಮೆಟ್ಟಿಲೇರಿದರು.

ಇದು ಚಳವಳಿ, ಸರಿ. ಕಲೆಯೂ ಹೌದೇ?

ಕುಸನೂರಿನ ಸತ್ಯಾಗ್ರಹ ನಡೆದ 1987ರ ಜೂನ್‌ನಲ್ಲೇ ಜರ್ಮನಿಯ ಕಾಸೆಲ್ ನಗರದಲ್ಲಿ ‘7000 ಓಕ್‌ಗಳು’ ಎಂಬ ಕೃತಿ ಮುಗಿದಿತ್ತು. ಕಲಾವಿದ ಯೋಸೆಫ್ ಬಾಯ್ಸ್ 1982ರಲ್ಲಿ ಅಲ್ಲಿನ ಮ್ಯೂಸಿಯಂ ಎದುರು 7000 ಬಸಾಲ್ಟ್ ಕಲ್ಲು ರಾಶಿ ಹಾಕಿಸಿದ್ದ. ಊರವರು ಒಂದು ಗಿಡ ನೆಟ್ಟರೆ ರಾಶಿಯಿಂದ ಒಂದು ಕಲ್ಲು ಎದ್ದು ಅದರ ಪಕ್ಕ ನಿಲ್ಲಬೇಕು. ರಾಶಿ ಎಷ್ಟು ಕರಗಿತೋ ಊರು ಅಷ್ಟು ಹಸಿರಾಯಿತು. ಬಾಯ್ಸ್ 1986ರಲ್ಲೇ ತೀರಿಕೊಂಡ. ಕೊನೆಯ ಗಿಡ ನೆಟ್ಟವನು ಅವನ ಮಗ. ಪರಿಸರ ಕಲೆಯ ಮಾತು ಬಂದಲ್ಲೆಲ್ಲ ಈ ಕೃತಿಯ ಹೆಸರು ಬರುತ್ತದೆ. ಕುಸನೂರು ಕಾನೂನು, ಚಳವಳಿಗಳ ಪುಸ್ತಕಗಳಲ್ಲೇ ಉಳಿದಿದೆ. ಆದರೆ ಕುಸನೂರಿನಲ್ಲೂ ಗಿಡವೇ ಸಾಮಗ್ರಿ, ಊರವರೇ ಕರ್ತೃಗಳು. ಕೀಳುವುದು, ಹಚ್ಚುವುದು ಎಂಬ ಎರಡೇ ಕ್ರಿಯೆಗಳಲ್ಲಿ ಇಡೀ ವಾದ. ಕಾಸೆಲ್‌ನಲ್ಲಿ ಯಾರಿಗೂ ಕೇಸಿನ ಭಯವಿರಲಿಲ್ಲ. ಆ ಲೆಕ್ಕದಲ್ಲಿ ಕುಸನೂರಿನದು ಒಂದು ಕೈ ಮೇಲೇ.

ವಿಜ್ಞಾನ ತುಸು ತಡವಾಗಿ ಬಂತು. ಜಲವಿಜ್ಞಾನಿ ಇಯಾನ್ ಕಾಲ್ಡರ್ ಮತ್ತು ಸಂಗಡಿಗರು 1990ರ ದಶಕದ ಆರಂಭದಲ್ಲಿ ಕರ್ನಾಟಕದಲ್ಲೇ ಅಳೆದು ನೋಡಿದಾಗ, ಹೊಸಕೋಟೆಯ ನೀಲಗಿರಿ ತೋಪು ಬಿದ್ದ ಮಳೆಗಿಂತ ಹೆಚ್ಚು ನೀರು ಹೀರುತ್ತಿತ್ತು. ಬೇರು ಇಳಿದಂತೆಲ್ಲ ಆಳದ ತೇವವೂ ಖರ್ಚು. ಶಿವಮೊಗ್ಗ ಬಳಿಯ ಪುರದಾಳಿನಲ್ಲಿ ಮಾತ್ರ ಅದರ ನೀರಿನ ಬಳಕೆ ಸ್ಥಳೀಯ ಕಾಡಿನಷ್ಟೇ ಇತ್ತು. ಹಾಗಾಗಿ ನೀಲಗಿರಿ ಎಲ್ಲೆಡೆ ನೀರುಗಳ್ಳ ಎನ್ನಲಾಗದು. ಕುಸನೂರಿನ ತಕರಾರಾದರೂ ಬರೀ ನೀರಿನದಲ್ಲ, ಮೇವಿನದು, ಭೂಮಿ ಯಾರದೆಂಬುದರದು.

ಕರ್ನಾಟಕ ಪಲ್ಪ್‌ವುಡ್ 1991ರಲ್ಲಿ ಬಾಗಿಲು ಹಾಕಿತು. ಹೊಸದಾಗಿ ನೀಲಗಿರಿ ನೆಡುವುದನ್ನು ರಾಜ್ಯ ಸರ್ಕಾರ ನಿಷೇಧಿಸಿದ್ದು 2017ರಲ್ಲಿ, ಕುಸನೂರಿನವರು ಕಿತ್ತು ಸುಮಾರು ಮೂವತ್ತು ವರ್ಷದ ಮೇಲೆ.