ವಿಕಿಯ ವಿಭಾಗ ಕೊಂಡಿ ಮತ್ತು ಅದರ ಹಿಂದಿನ ಮಾಡ್ಯೂಲ್

ವಿಕಿಪೀಡಿಯದ ದೊಡ್ಡ ಲೇಖನದಲ್ಲಿ ಹತ್ತಾರು ಉಪಶೀರ್ಷಿಕೆಗಳಿರುತ್ತವೆ. ಓದುಗರನ್ನು ಲೇಖನದ ಮೇಲ್ತುದಿಯಲ್ಲಿ ಬಿಡದೆ, ಬೇಕಾದ ಉಪಶೀರ್ಷಿಕೆಗೇ ನೇರವಾಗಿ ಕರೆದೊಯ್ಯುವುದು ವಿಭಾಗ ಕೊಂಡಿ. ಅದನ್ನು ಬರೆಯುವ ಮೂಲ ರೀತಿ ಸರಳ: ಪುಟದ ಹೆಸರು, ಹ್ಯಾಶ್ ಗುರುತು, ವಿಭಾಗದ ಹೆಸರು, ಸುತ್ತ ಜೋಡಿ ಚೌಕ ಆವರಣ. ಉದಾಹರಣೆಗೆ, [[ಕರ್ನಾಟಕ#ಇತಿಹಾಸ]].

ಈ ಕೊಂಡಿ ಕೆಲಸ ಮಾಡುತ್ತದೆ, ಆದರೆ ಪುಟದಲ್ಲಿ ಹ್ಯಾಶ್ ಗುರುತಿನ ಸಮೇತ ಕಾಣಿಸಿಕೊಳ್ಳುತ್ತದೆ. ಅದರ ಬದಲು ಕಾನೂನು ಪುಸ್ತಕಗಳಲ್ಲಿ ಬಳಕೆಯಲ್ಲಿರುವ § ಚಿಹ್ನೆ ಬರಬೇಕೆಂದರೆ [[ಕರ್ನಾಟಕ#ಇತಿಹಾಸ|ಕರ್ನಾಟಕ § ಇತಿಹಾಸ]] ಎಂದು ಒಂದೇ ಹೆಸರನ್ನು ಎರಡೆರಡು ಸಲ ಬರೆಯಬೇಕು. ಒಬ್ಬರು ಒಂದು ರೀತಿ, ಇನ್ನೊಬ್ಬರು ಮತ್ತೊಂದು ರೀತಿ ಬರೆದರೆ ಲೇಖನಗಳಲ್ಲಿ ಏಕರೂಪ ಉಳಿಯುವುದಿಲ್ಲ.

ಈ ತಾಪತ್ರಯ ತಪ್ಪಿಸಲು ಇಂಗ್ಲಿಷ್ ವಿಕಿಪೀಡಿಯದಲ್ಲಿ ‘ಸೆಕ್ಷನ್ ಲಿಂಕ್’ ಎಂಬ ಟೆಂಪ್ಲೇಟು, ಅಂದರೆ ಪುಟಗಳಲ್ಲಿ ಮತ್ತೆ ಮತ್ತೆ ಬಳಸುವ ಸಿದ್ಧ ಅಚ್ಚು, ಬಳಕೆಯಲ್ಲಿದೆ. ಸಂಪಾದಕರು ಪುಟದ ಹೆಸರನ್ನೂ ವಿಭಾಗದ ಹೆಸರನ್ನೂ ಕೊಟ್ಟರೆ ಸಾಕು. ಟೆಂಪ್ಲೇಟು ಅವನ್ನು ಅದೇ ಹೆಸರಿನ ಮಾಡ್ಯೂಲ್‌ಗೆ ದಾಟಿಸುತ್ತದೆ. ಮಾಡ್ಯೂಲ್ ಎಂದರೆ ಲುವಾ ಭಾಷೆಯಲ್ಲಿ ಬರೆದ ಪುಟ್ಟ ಪ್ರೋಗ್ರಾಂ. ಲುವಾ 1993ರಲ್ಲಿ ಬ್ರೆಜಿಲಿನ ರಿಯೊ ಡಿ ಜನೈರೊದಲ್ಲಿ ರೂಪುಗೊಂಡ ಭಾಷೆ. ‘ಸ್ಕ್ರಿಬುಂಟೊ’ ವಿಸ್ತರಣೆಯ ಮೂಲಕ 2013ರಲ್ಲಿ ವಿಕಿಪೀಡಿಯಗಳಿಗೆ ಬಂತು. ಅದಕ್ಕೂ ಮುಂಚೆ ಇಂಥ ತರ್ಕವನ್ನೆಲ್ಲ ಟೆಂಪ್ಲೇಟುಗಳ ಒಳಗೇ, ಆವರಣದೊಳಗೆ ಆವರಣ ಹೆಣೆದು ಬರೆಯಬೇಕಿತ್ತು. ಅದು ಓದಲು ಕಷ್ಟ, ಪುಟವೂ ನಿಧಾನವಾಗುತ್ತಿತ್ತು.

ಮಾಡ್ಯೂಲ್ ಮೊದಲು ತನಗೆ ಬಂದ ಹೆಸರುಗಳನ್ನು ನೋಡುತ್ತದೆ. ಪುಟದ ಹೆಸರು ಖಾಲಿಯಿದ್ದರೆ ಕೊಂಡಿ ಅದೇ ಪುಟದ ವಿಭಾಗಕ್ಕೆಂದು ತಿಳಿದು ‘§ ಇತಿಹಾಸ’ ಎಂದಷ್ಟೇ ತೋರಿಸುತ್ತದೆ. ಎರಡೂ ಇದ್ದರೆ ‘ಕರ್ನಾಟಕ § ಇತಿಹಾಸ’ ಎನ್ನುತ್ತದೆ. ವಿಭಾಗಗಳು ಒಂದಕ್ಕಿಂತ ಹೆಚ್ಚಿದ್ದರೆ ಚಿಹ್ನೆಯನ್ನು §§ ಎಂದು ಜೋಡಿಯಾಗಿಸಿ, ಪ್ರತಿ ವಿಭಾಗಕ್ಕೂ ಬೇರೆ ಕೊಂಡಿ ಕೊಟ್ಟು ಸಾಲಾಗಿ ಜೋಡಿಸುತ್ತದೆ. ಚಿಹ್ನೆ ಒಂದು ಸಾಲಿನ ಕೊನೆಗೂ ವಿಭಾಗದ ಹೆಸರು ಮುಂದಿನ ಸಾಲಿಗೂ ಹರಿದು ಹೋಗದಂತೆ ನಡುವೆ ಮುರಿಯದ ಖಾಲಿಜಾಗವನ್ನು ಇಡುತ್ತದೆ.

ನಿಯಮ ಒಂದೇ ಕಡೆ ಇರುವುದರಿಂದ, ಅಲ್ಲಿ ಮಾಡಿದ ತಿದ್ದುಪಡಿ ಟೆಂಪ್ಲೇಟು ಬಳಸಿದ ಎಲ್ಲ ಪುಟಗಳಿಗೂ ತಲುಪುತ್ತದೆ. ತಪ್ಪು ನುಸುಳಿದರೆ ಅದೂ ಹಾಗೆಯೇ ಹರಡುತ್ತದೆ. ಹೆಚ್ಚು ಬಳಕೆಯ ಮಾಡ್ಯೂಲ್‌ಗಳನ್ನು ಎಲ್ಲರೂ ತಿದ್ದದಂತೆ ಸಂರಕ್ಷಿಸುವುದು ಇದೇ ಕಾರಣಕ್ಕೆ. ಬೇರೊಂದು ಭಾಷೆಯ ವಿಕಿಗೆ ತರುವವರು ಕೋಡ್‌ನಲ್ಲಿರುವ ಇಂಗ್ಲಿಷ್ ಪದಗಳನ್ನೂ ದೋಷ ಸಂದೇಶಗಳನ್ನೂ ತಮ್ಮ ಭಾಷೆಗೆ ಬದಲಿಸಿಕೊಳ್ಳಬೇಕು.

ಆದರೆ ಮಾಡ್ಯೂಲ್ ಕೊಂಡಿಯ ರೂಪವನ್ನು ಸರಿಪಡಿಸುತ್ತದೆಯೇ ಹೊರತು ಆ ವಿಭಾಗ ಇನ್ನೂ ಇದೆಯೇ ಎಂದು ನೋಡುವುದಿಲ್ಲ. ‘ಇತಿಹಾಸ’ವನ್ನು ಯಾರಾದರೂ ‘ಚರಿತ್ರೆ’ ಎಂದು ತಿದ್ದಿದರೆ ಕೊಂಡಿ, ಇಲ್ಲದ ಪುಟದ ಕೊಂಡಿಯಂತೆ ಕೆಂಪಾಗುವುದಿಲ್ಲ; ಓದುಗರನ್ನು ಸುಮ್ಮನೆ ಪುಟದ ಮೇಲ್ತುದಿಯಲ್ಲಿ ಬಿಡುತ್ತದೆ. ಆದ್ದರಿಂದ ಉಪಶೀರ್ಷಿಕೆ ಬದಲಿಸುವವರು ‘ಆ್ಯಂಕರ್’ ಟೆಂಪ್ಲೇಟಿನಿಂದ ಹಳೆಯ ಹೆಸರನ್ನೂ ಅಲ್ಲೇ ಉಳಿಸಬೇಕು, ಇಲ್ಲವೇ ಅಲ್ಲಿಗೆ ಬರುವ ಕೊಂಡಿಗಳನ್ನು ಹುಡುಕಿ ತಿದ್ದಬೇಕು.